ಕೆಟ್ಟ ಪೆಟ್ಟಿಗೆ ಕದ್ದವನು

೨೦೧೯ರ ಮಾರ್ಚ್ ಹತ್ತು, ಭಾನುವಾರ. ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಸರೋವರದ ದಂಡೆಯ ಕಿಸುಮು ಪಟ್ಟಣದ ಮಾರುಕಟ್ಟೆ ಠಾಣೆಗೆ ಜೆರೆಮಿಯಾ ಒಗೋಲಾ ಎಂಬ ಮುದುಕ ಬಂದು, ತನ್ನ ಅಂಗಡಿಯಲ್ಲಿ ಕಳವಾಗಿದೆ ಎಂದು ದೂರು ಹೇಳಿದ. ಗರಿಗರಿ ಇಸ್ತ್ರಿಯ ಅಂಗಿ, ಜೇಬಿನಲ್ಲಿ ಪೆನ್ನಿನ ಬದಲು ಸಣ್ಣದೊಂದು ಸ್ಕ್ರೂಡ್ರೈವರ್. ಕೌಂಟರಿನಲ್ಲಿ ಕೂತಿದ್ದ ಕಾನ್‌ಸ್ಟೆಬಲ್ ಕಿಪ್ರೊನೊ ದೂರಿನ ಪುಸ್ತಕ ಎಳೆದುಕೊಂಡ.

"ಏನು ಹೋಯ್ತು?"

"ರೆಕಾರ್ಡ್ ಹಾಕೋ ಪೆಟ್ಟಿಗೆ. ಕೈಯಲ್ಲಿ ಹಿಡ್ಕೊಂಡು ಹೋಗೋ ಅಂಥದ್ದು. ಬ್ಯಾಟರಿದು."

"ಎಷ್ಟು ಬೆಲೆದು?"

"ರಿಪೇರಿ ಆಗಿದ್ರೆ ಬೆಲೆ. ಇದು ಇನ್ನೂ ಆಗಿರ್ಲಿಲ್ಲ. ಮೇಲಿನ ರೆಕ್ಸಿನ್ ಕಿತ್ತು ಬರೀ ಮರ ಮಾಡಿಟ್ಟಿದ್ದೆ. ಒಳಗಿನ ರಬ್ಬರ್ ಚಕ್ರ ಸವೆದು ಕುಂಟ್ತಾ ಇತ್ತು."

"ಇನ್ನೇನು ಹೋಯ್ತು?"

"ಇನ್ನೇನೂ ಹೋಗಿಲ್ಲ. ಪಕ್ಕದಲ್ಲೇ ಥಳಥಳ ಅನ್ನೋ ಪೆಟ್ಟಿಗೆಗಳು ಸಾಲಾಗಿ ಇದ್ವು. ಒಂದನ್ನೂ ಒಯ್ದಿಲ್ಲ."

ಕಿಪ್ರೊನೊ ಪೆನ್ನು ಕೆಳಗಿಟ್ಟ. "ಅಂದ್ರೆ ಕೆಟ್ಟಿದ್ದನ್ನ ಕದ್ದು ಒಳ್ಳೇದನ್ನ ಬಿಟ್ಟು ಹೋಗಿದಾನೆ. ಯಜಮಾನ್ರೇ, ಇದು ಕಳ್ಳತನ ಅಲ್ಲ, ಕಸ ಗುಡಿಸಿ ಕೊಟ್ಟಿದಾನೆ."

"ನಾನು ಕಸ ಕೂಡಿಹಾಕೋನಲ್ಲ," ಎಂದ ಒಗೋಲಾ, ಹುಬ್ಬು ಗಂಟಿಕ್ಕಿಕೊಂಡು. "ಅದು ಹಾಲೆಂಡಿನ ಪೆಟ್ಟಿಗೆ. ಬುಸಿಯಾ ಗಡಿಯ ಹತ್ತಿರ ಒಬ್ಬರ ಕೋಳಿಗೂಡಿಂದ ಎತ್ತಿ ತಂದಿದ್ದು. ಅದರ ಮೇಲೆ ಕೋಳಿ ಕಾವಿಗೆ ಕೂತಿತ್ತು. ಕೋಳಿಗೆ ಬೇರೆ ಬುಟ್ಟಿ ಕೊಡಿಸಿ ತಂದಿದೀನಿ."

ಇನ್‌ಸ್ಪೆಕ್ಟರ್ ಅಪೊಂಡಿ ಒಳಗಿನ ಕೋಣೆಯಲ್ಲಿ ಚಹಾ ಕುಡಿಯುತ್ತ ಇದನ್ನೆಲ್ಲ ಕೇಳಿಸಿಕೊಂಡಳು. ಅವಳ ಮೇಜಿನ ಮೇಲೆ ಮೋಟಾರ್‌ಬೈಕ್ ಕಳವು, ತಕ್ಕಡಿ ಮೋಸದ ಹೊಡೆದಾಟ, ಹೀಗೆ ಕೆಲಸ ಬೇಕಾದಷ್ಟಿತ್ತು. ಮುದುಕನ ಪೆಟ್ಟಿಗೆಗೆ ಕಿಪ್ರೊನೊನನ್ನು ಕಳಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಹದಿನೇಳು ವರ್ಷದ ನೌಕರಿಯಲ್ಲಿ ಅವಳು ಹಸಿದ ಕಳ್ಳನನ್ನು, ಕುಡುಕ ಕಳ್ಳನನ್ನು, ಓದಿದ ಕಳ್ಳನನ್ನು ಹಿಡಿದಿದ್ದಳು. ಆರಿಸಿ ಆರಿಸಿ ಕೆಟ್ಟದ್ದನ್ನೇ ಒಯ್ದವನನ್ನು ಇನ್ನೂ ನೋಡಿರಲಿಲ್ಲ. ಲೋಟ ಕೆಳಗಿಟ್ಟು ಟೋಪಿ ಹಾಕಿಕೊಂಡಳು.

ಒಗೋಲಾನ ಅಂಗಡಿ ತಗಡಿನ ಗೂಡು. ಮುಂದಿನ ಬೀಗ ಹಾಕಿದ್ದು ಹಾಕಿದಂತೇ ಇತ್ತು. ಹಿಂಗೋಡೆಯ ಒಂದು ತಗಡನ್ನು ಮೊಳೆ ತೆಗೆದು ಬಿಡಿಸಿ, ಆಮೇಲೆ ಅದೇ ತೂತುಗಳಿಗೆ ಮೊಳೆ ಹೊಡೆದು ಕೂರಿಸಿದ್ದರು. ತುಕ್ಕು ಹಿಡಿದ ಮೊಳೆಗಳ ನಡುವೆ ಒಂದು ಮಾತ್ರ ಹೊಚ್ಚ ಹೊಸದಾಗಿ ಹೊಳೆಯುತ್ತಿತ್ತು. ಅಕ್ಕಪಕ್ಕದ ಅಂಗಡಿಯ ಇಬ್ಬರನ್ನು ಕರೆದು ಪಂಚನಾಮೆ ಶುರುಮಾಡಿದರು.

ಒಳಗೆ ಹೋದ ಅಪೊಂಡಿ ಬಂದ ಕೆಲಸವನ್ನು ಒಂದು ಗಳಿಗೆ ಮರೆತಳು. ಗೋಡೆಯುದ್ದಕ್ಕೂ ಪೆಟ್ಟಿಗೆಗಳು: ಕೆಂಪು, ಹಸಿರು, ಕೆನೆ ಬಣ್ಣದವು. ಕೆಲವಕ್ಕೆ ಮುಚ್ಚಳದಲ್ಲೇ ಸ್ಪೀಕರ್. ಅವಳ ಬಾಲ್ಯದಲ್ಲಿ ಸರೋವರದ ದಂಡೆಯ ಹಳ್ಳಿಗಳಿಗೆ ಕರೆಂಟೇ ಇರಲಿಲ್ಲ. ಮದುವೆಗಾಗಲಿ ಸಾವಿನ ಮನೆಗಾಗಲಿ ಇಂಥದೇ ಒಂದು ಪೆಟ್ಟಿಗೆ ಯಾರದೋ ತಲೆಯ ಮೇಲೆ ಕೂತು ಬರುತ್ತಿತ್ತು.

"ವೇಗ ನೋಡಿ," ಎಂದು ಒಗೋಲಾ ತಾನೇ ಒಂದು ಪೆಟ್ಟಿಗೆ ತಿರುಗಿಸಿ, ಅದರ ಮೇಲೆ ಗೆರೆ ಗೆರೆಯ ಕಾಗದದ ಬಿಲ್ಲೆ ಇಟ್ಟು, ಬಲ್ಬು ಹತ್ತಿಸಿದ. ಬಿಲ್ಲೆ ತಿರುಗುತ್ತಿದ್ದರೂ ಗೆರೆಗಳು ನಿಂತಲ್ಲೇ ನಿಂತಂತೆ ಕಂಡವು. "ಗೆರೆ ನಿಂತ್ರೆ ವೇಗ ಸರಿ ಅಂತ ಅರ್ಥ. ಗೆರೆ ಓಡೋ ಪೆಟ್ಟಿಗೆ ನನ್ನ ಅಂಗಡಿಯಿಂದ ಹೊರಗೆ ಹೋದದ್ದೇ ಇಲ್ಲ."

"ಇದಕ್ಕೆ ಸೆಲ್ ಈಗ ಹಾಕಿದ್ರಲ್ಲ. ಯಾವಾಗ್ಲೂ ಖಾಲಿ ಇಟ್ಟಿರ್ತೀರಾ?"

"ಸೆಲ್ ಒಳಗೇ ಬಿಟ್ರೆ ಸೋರಿ ತಗಡು ತಿಂದುಬಿಡುತ್ತೆ."

ಬೆಂಚಿನ ಮೇಲೆ ನಾಲ್ಕು ಪೆಟ್ಟಿಗೆಗಳು ಸಾಲಾಗಿದ್ದವು. ನಾಲ್ಕರದೂ ಸೆಲ್ಲಿನ ಮುಚ್ಚಳ ಸಡಿಲ. ಸೆಲ್ ಒಂದರಲ್ಲೂ ಇರಲಿಲ್ಲ. ಅಪೊಂಡಿ ಬಗ್ಗಿ ನೋಡಿದಳು. ಮುಳ್ಳಿನ ತೋಳು ಅಲುಗಾಡದಿರಲೆಂದು ಒಗೋಲಾ ಪ್ರತಿ ಪೆಟ್ಟಿಗೆಯಲ್ಲೂ ಅದನ್ನು ದಾರದಿಂದ ಕಟ್ಟಿಡುತ್ತಿದ್ದ. ಗೋಡೆಯ ಮೇಲಿನವಕ್ಕೆ ಹೊಲಿಗೆಯವರು ಹಾಕುವಂಥ ಸಾದಾ ಗಂಟು. ಬೆಂಚಿನ ಮೇಲಿನ ನಾಲ್ಕಕ್ಕೆ ಬೇರೆ ಗಂಟು: ಅಡ್ಡ ಒಂದು ಸುತ್ತು, ಒಳಗಿಂದ ಒಂದು ಎಳೆತ.

"ಈ ನಾಲ್ಕನ್ನ ಕಟ್ಟಿದ್ದು ನೀವಾ?"

ಒಗೋಲಾ ಕನ್ನಡಕ ಏರಿಸಿ ನೋಡಿದ. "ಅಲ್ಲ. ನಂಗೆ ಈ ಗಂಟು ಬರಲ್ಲ."

ಅಪೊಂಡಿಗೆ ಬರುತ್ತಿತ್ತು. ಅವಳಪ್ಪ ಬಲೆ ಹೆಣೆಯುವಾಗ ಪಕ್ಕದಲ್ಲಿ ಕೂತು ಕಲಿತ ಗಂಟು ಅದು. ಕಳ್ಳ ತನ್ನ ಸೆಲ್ ತಾನೇ ತಂದಿದ್ದ, ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕುತ್ತ ನಾಲ್ಕನ್ನು ಹಾಡಿಸಿ ನೋಡಿದ್ದ, ಬೇಡವಾದದ್ದರ ಮುಳ್ಳನ್ನು ಜೋಪಾನವಾಗಿ ಮತ್ತೆ ಕಟ್ಟಿದ್ದ. ಐದನೆಯದನ್ನು ಹೊತ್ತುಕೊಂಡು ಹೋಗಿದ್ದ.

"ನಿಮ್ಮ ಜತೆ ಜಗಳ ಆಡಿದೋರು ಯಾರಾದ್ರೂ ಇದಾರಾ?"

"ನನ್ನ ಜತೆ ಯಾಕೆ ಜಗಳ ಆಡ್ತಾರೆ? ಎಲ್ಲಾ ಹೊಗಳಿ ಹೋಗ್ತಾರೆ."

"ನಿನ್ನೆ ಎಲ್ಲಿದ್ರಿ?"

"ನಿನ್ನೆ ಶನಿವಾರ. ನಮಗೆ ಸಬ್ಬತ್. ಬೆಳಿಗ್ಗೆಯಿಂದ ಸಂಜೆವರೆಗೆ ಚರ್ಚ್. ಆ ದಿನ ನಾನು ಒಂದು ಮೊಳೆಯನ್ನೂ ಮುಟ್ಟಲ್ಲ, ಇಡೀ ಮಾರುಕಟ್ಟೆಗೆ ಗೊತ್ತು."

ಅಂಗಡಿಯ ಹಿಂದೆ ಮೀನು ಕರಿಯುವ ಹೆಂಗಸಿಗೂ ಅದು ಗೊತ್ತಿತ್ತು. ಅವಳನ್ನು ಎಲ್ಲರೂ ನ್ಯಾರ್ ಅಲೆಗೊ ಎಂದೇ ಕರೆಯುವುದು. ಎಣ್ಣೆಯ ಬಾಣಲೆಯಿಂದ ಕಣ್ಣು ಕೀಳದೆ ಅವಳು ಉತ್ತರ ಕೊಟ್ಟಳು.

"ನಿನ್ನೆ ಈ ಅಂಗಡಿಯಿಂದ ಏನಾದ್ರೂ ಕೇಳಿಸ್ತಾ?"

"ಕೇಳಿಸ್ದೆ ಏನು, ಹಾಡು. ಸಬ್ಬತ್ ದಿನ ಮೊಳೆ ಮುಟ್ಟದ ಮುದುಕ ಹಾಡು ಹಾಕಿದಾನೆ, ದೇವರನ್ನ ಬಿಟ್ಬಿಟ್ನೇನೋ ಅಂದ್ಕೊಂಡೆ. ಕೇಳೋಕೆ ನಾನೇನು ಅವನ ಪಾದ್ರಿನಾ?"

"ಎಷ್ಟೊತ್ತಿಗೆ?"

"ಮಧ್ಯಾಹ್ನ, ವ್ಯಾಪಾರ ಜೋರಿರೋ ಹೊತ್ತಲ್ಲಿ. ಒಂದೇ ಹಾಡು. ಶುರುವಾಗೋದು, ನಿಲ್ಲೋದು. ಮತ್ತೆ ಶುರು, ಮತ್ತೆ ನಿಲ್ಲೋದು. ಯಾರೋ ದೊಡ್ಡ ಮನುಷ್ಯರು ಬಂದು ಹೊಗಳ್ಕೋತಾ ಇದಾರೆ ಅಂತ ಸುಮ್ನಾದೆ."

"ಹಾಡು ನಿಂತ್ರೆ ಹೊಗಳ್ಕೊಳ್ಳೋದು ಯಾಕೆ?" ಎಂದ ಕಿಪ್ರೊನೊ. ಅವನು ಕೆರಿಚೊ ಬೆಟ್ಟದ ಕಡೆಯವನು.

"ನಿಮ್ಮ ಬೆಟ್ಟದಲ್ಲಿ ಬರೀ ಚಹಾ ಬೆಳೀತೀರೇನಪ್ಪ? ಇಲ್ಲಿ ಹಾಡಿನ ಮಧ್ಯೆ ಯಾರಾದ್ರೂ ಕೈ ಎತ್ತಿದ್ರೆ ಮುಳ್ಳು ಎತ್ತಬೇಕು. ಕೈ ಎತ್ತಿದೋನು ಎದ್ದು ನಿಂತು, ನಾನು ಇಂಥವನ ಮಗ, ಇಂಥವಳ ಗಂಡ, ನನ್ನ ಕಂಡ್ರೆ ನೀರಾನೆನೂ ದಾರಿ ಬಿಡುತ್ತೆ ಅಂತ ಹೇಳ್ಕೋಬೇಕು. ಎಲ್ಲರೂ ಹೋ ಅಂದ್ಮೇಲೆ ಮುಳ್ಳು ಇಳಿಸ್ಬೇಕು."

"ನಿನ್ನೆ ಏನಂತ ಹೇಳ್ಕೊಂಡ್ರು?" ಎಂದಳು ಅಪೊಂಡಿ.

ನ್ಯಾರ್ ಅಲೆಗೊಳ ಜಾಲರಿ ಸೌಟು ಬಾಣಲೆಯ ಮೇಲೇ ನಿಂತಿತು. "ಹೌದಲ್ಲ. ಯಾರೂ ಏನೂ ಹೇಳ್ಲಿಲ್ಲ. ಹಾಡು ನಿಂತಾಗೆಲ್ಲ ಸುಮ್ಮನೆ ಮೌನ."

"ಪ್ರತಿ ಸಲ ಹಾಡು ಒಂದೇ ಥರ ಇತ್ತಾ?"

"ಮೊದಲೆಲ್ಲ ಚುರುಕಾಗಿತ್ತು, ಹುಡುಗನ ದನಿ. ಕೊನೇ ಸಲದ್ದು ಬೇರೆ. ಭಾರವಾಗಿ, ಹೊಟ್ಟೆ ತುಂಬಾ ಉಂಡು ಗೋಡೆಗೆ ಒರಗಿ ಮಾತಾಡ್ತಾರಲ್ಲ, ಹಂಗೆ. ಅದನ್ನ ಮಾತ್ರ ನಿಲ್ಲಿಸ್ಲಿಲ್ಲ. ಕೊನೇವರೆಗೂ ಹಾಡ್ತು. ಆಮೇಲೆ ಯಾರೋ ಮೂಗು ಸೀಟಿದ ಹಂಗಾಯ್ತು."

"ಮಾತು ನೆನಪಿದೆಯಾ?"

ಅವಳು ಮೀನು ಮಗುಚುತ್ತ ಸಣ್ಣಗೆ ಹಾಡಿದಳು: ನ್ಯಾರ್ ಉಯೋಮಾ, ಒಬಾಂಬಾ ದಡದಲ್ಲಿ ಬಿಂದಿಗೆ ತುಳುಕಿಸದೆ ನಡೆಯುವವಳೇ.

"ನ್ಯಾರ್ ಅಂದ್ರೇನು?" ಎಂದ ಕಿಪ್ರೊನೊ.

"ಮಗಳು. ಉಯೋಮಾದಿಂದ ಮದುವೆಯಾಗಿ ಬಂದೋಳು ಅಂತ. ನಾನು ಅಲೆಗೋದೋಳು. ಎರಡು ವರ್ಷ ನನ್ನ ಕೈಯ ಮೀನು ತಿಂದು ಇಷ್ಟು ಗೊತ್ತಿಲ್ಲ, ಇನ್ನು ಕಳ್ಳನ್ನ ಹಿಡೀತೀಯ."

ಅಪೊಂಡಿ ನಗಲಿಲ್ಲ. ಅವಳ ತಲೆಯಲ್ಲಿ ಬೇರೆಯೇ ಒಂದು ಪ್ರಶ್ನೆ ಎದ್ದಿತ್ತು. ಸೀದಾ ಒಗೋಲಾನ ಬಳಿ ಹೋಗಿ ನಿಂತಳು.

"ನೀವು ಸರಿಮಾಡಿದ ಮೇಲೆ ಪೆಟ್ಟಿಗೆ ಕೆಟ್ಟುಹೋಯ್ತು ಅಂತ ಯಾರಾದ್ರೂ ಬಂದಿದ್ರಾ?"

ಮುದುಕ ಕನ್ನಡಕ ತೆಗೆದು ಒರೆಸತೊಡಗಿದ. ಒರೆಸಿದ್ದು ಸ್ವಲ್ಪ ಹೆಚ್ಚೇ ಆಯಿತು.

"ಹೋದ ತಿಂಗಳು ಒಬ್ಬ ಬಂದಿದ್ದ. ನನ್ನ ಪೆಟ್ಟಿಗೆ ಇಟ್ಕೊಂಡು ಬೇರೆಯವರದ್ದು ಕೊಟ್ಟಿದೀರಿ ಅಂದ. ಇದರ ದನಿ ನಮ್ಮ ಪೆಟ್ಟಿಗೆದಲ್ಲ ಅಂದ. ನಾನು ಗೆರೆ ತೋರಿಸ್ದೆ. ನೋಡು, ನಿಂತಿದೆ. ತಪ್ಪಿರೋದು ನಿನ್ನ ಕಿವಿಲಿ, ತೊಳ್ಕೊಂಡು ಬಾ ಅಂದೆ."

"ಜಗಳ ಆಡಿದೋರು ಇದಾರಾ ಅಂತ ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ಅದು ಜಗಳ ಅಲ್ಲ. ಅವನ ತಪ್ಪು."

"ಅವನ ಹೆಸರು?"

"ಹೆಸರು ನೆನಪಿಲ್ಲ. ಪೆಟ್ಟಿಗೆ ನೆನಪಿದೆ. ಕೆಂಪು ರೆಕ್ಸಿನ್, ಹಿಡಿ ಹೋಗಿ ಬಲೆ ಹಗ್ಗ ಕಟ್ಟಿದ್ರು. ಯಾವ ಕಾಲದಲ್ಲೋ ಎತ್ತರದಿಂದ ಬಿದ್ದಿತ್ತು, ಒಳಗಿನ ಸರಳು ಬಗ್ಗಿ ತಟ್ಟೆಗೆ ಉಜ್ತಾ ಇತ್ತು. ಎಷ್ಟು ವರ್ಷದಿಂದ ನಿಧಾನವಾಗಿ ಹಾಡ್ತಿತ್ತೋ ಪಾಪ. ಸರಳು ಬದಲಾಯಿಸ್ದೆ. ನೀಲಿ ರೆಕ್ಸಿನ್, ಹೊಸ ಹಿಡಿ, ಹೊಸ ಗುಂಡಿ. ಮದುಮಗಳ ಹಂಗೆ ಮಾಡಿ ಕಳಿಸ್ದೆ."

ಅಂದರೆ ಹಳೆಯ ಮುಖ ಒಂದು ಗೀರೂ ಉಳಿಯದಂತೆ ಅಳಿಸಿಹೋಗಿತ್ತು. ಇನ್ನು ಉಳಿದದ್ದು ದನಿ. ಅದನ್ನೂ ಈ ಮುದುಕ ಸರಿಮಾಡಿಬಿಟ್ಟಿದ್ದ. ಬೆಂಚಿನ ಮೇಲೆ ಬರೀ ಮರವಾಗಿ, ಬಟ್ಟೆ ಬಿಚ್ಚಿ ಕೂತಿದ್ದ ಪೆಟ್ಟಿಗೆಯೊಂದು ನಿಧಾನವಾಗಿ ಹಾಡಿದಾಗ ಆ ಮನುಷ್ಯ ಇನ್ನೇನು ತಿಳಿದುಕೊಳ್ಳಬೇಕು? ಪ್ರಕರಣ ಅಪೊಂಡಿಗೆ ಅಲ್ಲೇ ಅರ್ಥವಾಯಿತು. ಅರ್ಥವಾದದ್ದು ಅವಳಿಗೆ ಅಷ್ಟೇನೂ ಹಿತವಾಗಲಿಲ್ಲ.

ಮಾರನೆಯ ದಿನ, ಸೋಮವಾರ, ಅವಳೂ ಕಿಪ್ರೊನೊನೂ ಜೀಪಿನಲ್ಲಿ ಸರೋವರದ ಅಂಚು ಹಿಡಿದು ಒಬಾಂಬಾ ದಡಕ್ಕೆ ಹೋದರು. ಮೀನು ಒಣಗಿಸುತ್ತಿದ್ದ ಹೆಂಗಸರನ್ನು, ಹಾಡಿನಲ್ಲಿ ಬರುವ ಉಯೋಮಾದ ಮಗಳು ಯಾರು ಎಂದು ಕೇಳಿದ್ದೇ ತಡ, ನಾಲ್ಕು ಕೈಗಳು ಒಂದೇ ದಿಕ್ಕಿಗೆ ಎದ್ದವು.

"ಪೆನೀನಾ. ಅವಳ ಗಂಡ ಅಜುಲು ಹಾಡು ಕಟ್ಟಿದ್ದು ಅವಳ ಮೇಲೇನೇ. ಅವನು ಸತ್ತು ಎಷ್ಟೋ ಕಾಲ ಆಯ್ತು. ಮಗ ಸಾದೋಕ್ ದೋಣಿ ಮಾಡ್ತಾನೆ. ಬರೋ ಶನಿವಾರ ಅಪ್ಪನ ಗೋರಿಗೆ ಸಿಮೆಂಟ್ ಹಾಕಿಸ್ತಾ ಇದಾನೆ, ನೀವೂ ಊಟಕ್ಕೆ ಬನ್ನಿ."

ಅಂಗಳ ತಲುಪುವ ಮೊದಲೇ ಹಾಡು ಕೇಳಿಸಿತು. ಗಿಟಾರು ಆತುರವಿಲ್ಲದೆ ಹೆಜ್ಜೆಯಿಡುತ್ತಿತ್ತು. ಅದರ ಮೇಲೆ ತುಂಬು ಗಂಡಸಿನ ದನಿ, ದಪ್ಪಗೆ, ನಿಧಾನಕ್ಕೆ. ಕಿಪ್ರೊನೊನಿಗೆ ಭಾಷೆ ತಿಳಿಯದಿದ್ದರೂ ಅವನ ನಡಿಗೆ ತಾನಾಗಿ ನಿಧಾನವಾಯಿತು. ಅದೇ ಹೊತ್ತಿಗೆ ಅಡುಗೆ ಗುಡಿಸಲಿನಿಂದ ಒಬ್ಬ ಮುದುಕಿ ಬೇಸಿನ್ ಹಿಡಿದು ಹೊರಬಂದು, ಇತ್ತ ತಿರುಗಿಯೂ ನೋಡದೆ ನೀರಿನ ಕಡೆ ಇಳಿದು ಹೋದಳು.

ಅಂಗಳದಲ್ಲಿ ಅರ್ಧ ಕಟ್ಟಿದ ದೋಣಿಯ ಪಕ್ಕ ನಲವತ್ತಾರರ ಆಸುಪಾಸಿನ ಗಂಡಸೊಬ್ಬ, ಕೈಗೆ ಟಾರು ಮೆತ್ತಿಕೊಂಡು, ನಿಂತಿದ್ದ. ಸ್ಟೂಲಿನ ಮೇಲೆ ಬಟ್ಟೆಯಿಲ್ಲದ ಮರದ ಪೆಟ್ಟಿಗೆ ಹಾಡುತ್ತಿತ್ತು. ಖಾಕಿ ಕಂಡು ಅವನು ಓಡಲಿಲ್ಲ. ಮುಳ್ಳು ಎತ್ತಿ, ಕುರ್ಚಿ ಎಳೆದ.

"ಅಂತೂ ಬಂದ್ರಲ್ಲ ಮೇಡಂ. ಬರಲ್ಲ ಅಂದ್ಕೊಂಡಿದ್ದೆ."

"ಯಾರು ಬರಲ್ಲ ಅಂದ್ಕೊಂಡಿದ್ದೆ?"

"ಪೊಲೀಸರು. ಇಲ್ಲಿಯ ಹೊರಠಾಣೆಗೆ ಹೋಗಿ, ಕಿಸುಮುವಿನ ಒಬ್ಬ ಮುದುಕ ನಮ್ಮ ಪೆಟ್ಟಿಗೆ ಅದಲುಬದಲು ಮಾಡಿದಾನೆ ಅಂತ ದೂರು ಕೊಟ್ಟಿದ್ದೆ. ಬರ್ಕೊಳ್ಳದೇ ನಕ್ಕು ಕಳಿಸಿದ್ರು. ಕಾದು ಕಾದು ನಾನೇ ಹೋಗಿ ನಮ್ಮದು ತಂದ್ಕೊಂಡೆ. ಅವನ ನೀಲಿ ಪೆಟ್ಟಿಗೆ ಒಳಗಿದೆ. ಹೆಂಗೂ ಬಂದಿದೀರಿ, ತಗೊಂಡು ಹೋಗಿ ಅವನಿಗೆ ಕೊಟ್ಬಿಡಿ. ಒಂದು ಗೀರೂ ಮಾಡಿಲ್ಲ."

ಕಿಪ್ರೊನೊ ಇನ್‌ಸ್ಪೆಕ್ಟರ್ ಮುಖ ನೋಡಿದ. ಕಳ್ಳನೇ ಕುರ್ಚಿ ಹಾಕಿ ಕೂರಿಸಿ, ನೀವು ತಡವಾಗಿ ಬಂದಿರಿ ಎಂದು ಬೈಯುವುದು ಅವನಿಗೆ ಹೊಸ ಅನುಭವ.

"ತಗಡು ಕಿತ್ತಿದ್ದು ನೀನೇನಾ?"

"ನಾನೇ. ವಾಪಸ್ ಹೊಡೆದೂ ಬಂದಿದೀನಿ. ಒಂದು ಮೊಳೆ ಸೊಟ್ಟಗಾಗಿತ್ತು, ನನ್ನ ಹತ್ರ ಇದ್ದ ಹೊಸದು ಹಾಕಿದೆ."

"ಮುಳ್ಳುಗಳನ್ನ ಮತ್ತೆ ಕಟ್ಟಿದ್ದು?"

"ಅವು ಬೇರೆಯವರ ಪೆಟ್ಟಿಗೆ ಮೇಡಂ. ಅಲ್ಲಾಡಿ ಮುರಿದ್ರೆ?"

"ಶನಿವಾರವೇ ಯಾಕೆ ಹೋದೆ?"

"ಮುದುಕ ಇರಲ್ಲ ಅಂತ. ಅವನ ಜತೆ ಮಾತಾಡೋಕೆ ಆಗಲ್ಲ. ಗೆರೆ ನೋಡು, ಗೆರೆ ನೋಡು ಅಂತಾನೆ."

"ಇದು ನಿಂದೇ ಅಂತ ಹೆಂಗೆ ಗೊತ್ತಾಯ್ತು? ಬರೀ ಮರ ಇದೆ. ಗುರುತೇನಿದೆ?"

ಸಾದೋಕ್ ಅವಳನ್ನು ಮರುಕದಿಂದ ನೋಡಿದ. "ನಿಮ್ಮಪ್ಪನ ದನಿ ನಿಮಗೆ ಗೊತ್ತಾಗಲ್ವಾ ಮೇಡಂ?"

ಅವನಪ್ಪ ನಶೋನ್ ಅಜುಲು ಹಾಡಿದ ಒಂದೇ ರೆಕಾರ್ಡ್ ಅದು. ಹಾಡಿಸಿದವರು ಕೊಟ್ಟ ಹಣದಲ್ಲಿ ಪೆಟ್ಟಿಗೆ ಕೊಂಡು ತಂದು, ವರ್ಷ ತುಂಬುವುದರೊಳಗೆ ಬಸ್ಸು ಮಗುಚಿ ಅವನು ಸತ್ತ. ಸಾದೋಕ್ ಆಗ ಅಂಬೆಗಾಲಿಡುವ ಕೂಸು. ಬೇರೆ ರೆಕಾರ್ಡುಗಳನ್ನು ಚಿಕ್ಕಪ್ಪಂದಿರು ಹಂಚಿಕೊಂಡು ಹೋದರು, ಇದೊಂದು ಉಳಿಯಿತು. ಹುಡುಗ ಬೆಳೆದದ್ದೇ ಪೆಟ್ಟಿಗೆಗೆ ಕಿವಿ ಹಚ್ಚಿಕೊಂಡು. ಶಾಲೆಗೆ ಹೋಗಲು ಹಠ ಮಾಡಿದಾಗ, ಮದುವೆಯ ಹಿಂದಿನ ದಿನ, ಮೊದಲ ದೋಣಿ ನೀರಿಗಿಳಿಸಿದ ದಿನ ಹಾಡು ಹಾಕಿ ಕೂತಿದ್ದ. ಅಪ್ಪ ಅಂದರೆ ಅವನಿಗೆ ಆ ದನಿ, ಆ ನಿಧಾನ. ಹೋದ ಡಿಸೆಂಬರಿನಲ್ಲಿ ಪೆಟ್ಟಿಗೆ ಪೂರ್ತಿ ನಿಂತುಹೋಗಿತ್ತು.

"ಶನಿವಾರ ನೆಂಟರೆಲ್ಲ ಬರ್ತಾರೆ. ಗೋರಿ ಹತ್ರ ಅಪ್ಪ ಹಾಡ್ಬೇಕು. ಆ ನೀಲಿ ಪೆಟ್ಟಿಗೆಲಿ ಹಾಕಿ ನೋಡಿದೆ. ಯಾವನೋ ಮೀಸೆ ಬರದ ಹುಡುಗ. ಅದನ್ನ ಹಾಕಿ, ಇವನೇ ನಿಮ್ಮಜ್ಜ ಅಂತ ನನ್ನ ಮಕ್ಕಳಿಗೆ ತೋರಿಸ್ಲಾ?"

"ನಿಮ್ಮಮ್ಮ ಏನಂತಾರೆ?"

"ಅವಳು ಈ ಹಾಡು ಕೇಳಲ್ಲ. ಹಾಕಿದ ತಕ್ಷಣ ಎದ್ದು ಹೋಗ್ತಾಳೆ. ನೀವೂ ನೋಡಿದ್ರಲ್ಲ. ಇಷ್ಟು ವರ್ಷ ಆದ್ರೂ ಸಂಕಟ ತಡ್ಕೊಳ್ಳೋಕೆ ಆಗಲ್ಲ ಅವಳಿಗೆ. ನೀಲಿ ಪೆಟ್ಟಿಗೆ ತಂದು ಹಾಕಿದ ದಿನ ತವರಿಗೆ ಹೋಗಿದ್ಲು, ಅದನ್ನ ಕೇಳೇ ಇಲ್ಲ."

ಅಪೊಂಡಿಗೆ ಹೇಳಬೇಕಾದ ಮಾತು ಗೊತ್ತಿತ್ತು. ಕಳ್ಳನನ್ನು ಹಿಡಿಯುವುದು ಅವಳ ಕೆಲಸ. ನೀನು ನಲವತ್ತು ವರ್ಷ ಕೇಳಿದ್ದು ನಿಮ್ಮಪ್ಪನ ದನಿಯಲ್ಲ, ಬಗ್ಗಿದ ಸರಳಿನ ದನಿ ಎಂದು ಮಗನೊಬ್ಬನಿಗೆ ಹೇಳುವುದು ಯಾರ ಕೆಲಸವೋ, ಯಾವ ತರಬೇತಿಯಲ್ಲೂ ಅವಳಿಗೆ ಕಲಿಸಿರಲಿಲ್ಲ. ಹೇಡಿಯಂತೆ ಅವಳು ಕಾನೂನಿನ ಮಾತನ್ನಷ್ಟೇ ಆಡಿದಳು.

"ಸಾದೋಕ್ ಅಜುಲು, ಬೀಗ ಹಾಕಿದ ಅಂಗಡಿಗೆ ನುಗ್ಗಿ ಕಳವು ಮಾಡಿದ್ದಕ್ಕೆ ನಿನ್ನನ್ನ ದಸ್ತಗಿರಿ ಮಾಡ್ತಿದೀನಿ."

"ನನ್ನ ವಸ್ತು ನಾನು ತಂದ್ರೆ ಕಳವಾ?"

"ಪೆಟ್ಟಿಗೆ ಯಾರದ್ದು ಅಂತ ನಾಳೆ ಠಾಣೆಲಿ ನೋಡೋಣ. ಕೈ ತೊಳ್ಕೊಂಡು ಬಾ."

ಜೀಪಿನ ಬಾನೆಟ್ಟಿನ ಮೇಲೆ ಜಪ್ತಿ ಪಂಚನಾಮೆ ಬರೆದರು. ದಾರಿಯುದ್ದಕ್ಕೂ ಕಿಪ್ರೊನೊ ಎರಡೂ ಪೆಟ್ಟಿಗೆಗಳನ್ನು ತೊಡೆಯ ಮೇಲೆ ಹಿಡಿದು ಕೂತಿದ್ದ. ಹಳ್ಳ ಬಂದಾಗೆಲ್ಲ ಸಾದೋಕ್, "ಹುಷಾರು ಅಣ್ಣ," ಎನ್ನುತ್ತಿದ್ದ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ವಸ್ತು ಗುರುತಿಸಲು ಒಗೋಲಾನನ್ನು ಕರೆಸಿದರು. ಅವನು ಬರುವಾಗ ಒಂದು ಕೋಕೋ ಡಬ್ಬಿ ತಂದಿದ್ದ. ಅಷ್ಟರಲ್ಲಿ ಪೆನೀನಾ ಮಗನಿಗೆ ಊಟ ತಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದಳು. ಬುತ್ತಿಯಿಂದ ಹುರಿದ ಸಣ್ಣ ಮೀನಿನ ವಾಸನೆ ಬರುತ್ತಿತ್ತು. ಸಾದೋಕನನ್ನು ಲಾಕಪ್ಪಿನಿಂದ ಕರೆತಂದು ಮೇಜಿನ ಮುಂದೆ ನಿಲ್ಲಿಸಿದರು. ಮೇಜಿನ ಮೇಲೆ ಎರಡು ಪೆಟ್ಟಿಗೆ, ಒಂದು ರೆಕಾರ್ಡ್.

"ಯಾವುದು ನಿಮ್ಮದು?" ಎಂದಳು ಅಪೊಂಡಿ.

"ಮರದ್ದು ನಂದು," ಎಂದ ಒಗೋಲಾ. "ನೀಲಿದು ಅವನದ್ದು. ಬದಲಾಯಿಸಿಲ್ಲ. ನಾನು ಮುಳ್ಳನ್ನೂ ಬದಲಾಯಿಸೋನಲ್ಲ, ಕೇಳದೆ." ಡಬ್ಬಿ ತೆರೆದು ಬೆರಳುದ್ದದ ಒಂದು ಸರಳನ್ನು ಸಾದೋಕನ ಅಂಗೈಗೆ ಹಾಕಿದ. "ಇದು ನಿನ್ನ ಪೆಟ್ಟಿಗೆಯಿಂದ ತೆಗೆದದ್ದು. ನೋಡು, ಬಗ್ಗಿದೆ. ಇದು ಉಜ್ಜಿ ಉಜ್ಜಿ ತಟ್ಟೆ ನಿಧಾನ ಆಗ್ತಿತ್ತು. ನಿಧಾನವಾದ್ರೆ ಯಾವ ದನಿಯಾದ್ರೂ ದಪ್ಪ ಆಗುತ್ತೆ."

"ಮತ್ತೆ ಮರದ್ದು ಯಾಕೆ ನಮ್ಮಪ್ಪನ ಥರ ಹಾಡುತ್ತೆ?"

"ಅದೂ ಕೆಟ್ಟಿದೆ, ಅದಕ್ಕೆ."

"ಸುಳ್ಳು," ಎಂದ ಸಾದೋಕ್.

ಒಗೋಲಾ ನೀಲಿ ಪೆಟ್ಟಿಗೆಗೆ ರೆಕಾರ್ಡ್ ಹಾಕಿ ಮುಳ್ಳು ಇಳಿಸಿದ. ಗಿಟಾರು ಪಟಪಟನೆ ಹೊರಟಿತು. ಅದರ ಬೆನ್ನಿಗೆ ಎಳೆಯ ದನಿಯೊಂದು, ತೆಳ್ಳಗೆ, ನಗುವನ್ನು ತಡೆದುಕೊಂಡು ಹಾಡುವವನಂತೆ. ಸಾದೋಕ್ ತಲೆ ಅಡ್ಡಡ್ಡ ಆಡಿಸಿದ. ಆಗ ಒಗೋಲಾ ತೋರುಬೆರಳನ್ನು ತಿರುಗುವ ತಟ್ಟೆಯ ಅಂಚಿಗೆ ಮೆಲ್ಲಗೆ ಒತ್ತಿದ. ಹಾಡು 'ಊಂ' ಎಂದು ಕೆಳಗಿಳಿಯಿತು; ಹುಡುಗ ಮರೆಯಾಗಿ, ಆ ಉಂಡು ಒರಗಿದ ಗಂಡಸು, ಆ ಅಪ್ಪ, ಅದೇ ನೀಲಿ ಪೆಟ್ಟಿಗೆಯೊಳಗಿಂದ ಎದ್ದು ಬಂದ. ಸಾದೋಕ್ ಮೇಜನ್ನು ಹಿಡಿದುಕೊಂಡ. ಬೆರಳಿನ ಕಡೆ ನೋಡಿದ, ಮುದುಕನ ಮುಖ ನೋಡಿದ, ಮತ್ತೆ ಬೆರಳು ನೋಡಿದ. ಅಪೊಂಡಿಗೆ ನೋಡಲಾಗಲಿಲ್ಲ.

"ಬೆರಳು ತೆಗಿ."

ಬಾಗಿಲಿನಿಂದ ಬಂದ ಮಾತು. ಪೆನೀನಾ ಬುತ್ತಿ ಬೆಂಚಿನ ಮೇಲಿಟ್ಟು ಎದ್ದು ನಿಂತಿದ್ದಳು. ಒಗೋಲಾ ಬೆರಳು ತೆಗೆದ. ಹಾಡು ಮೇಲೇರಿತು. ಎಳೆಯ ದನಿ, ನ್ಯಾರ್ ಉಯೋಮಾ, ಎಂದು ಕರೆಯಿತು.

ಮುದುಕಿ ಬಲಗೈ ಎತ್ತಿದಳು. ಹಾಡಿನ ಮಧ್ಯೆ ಕೈ ಎದ್ದರೆ ಏನು ಮಾಡಬೇಕೆಂದು ಒಗೋಲಾನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವನು ಮುಳ್ಳು ಎತ್ತಿದ.

"ನಾನು ಉಯೋಮಾದ ಮಗಳು," ಎಂದಳು ಪೆನೀನಾ, ನೆಟ್ಟಗೆ ನಿಂತು. "ಬಿಂದಿಗೆ ತುಳುಕಿಸದೆ ನಡೆದೋಳು. ಇವನು ನೋಡ್ತಾ ನಿಂತಾಗ ಮಾತ್ರ ತುಳುಕಿಸಿದೋಳು. ಇಪ್ಪತ್ತೆರಡು ವರ್ಷದ ಹುಡುಗನ್ನ ಮದುವೆಯಾಗಿ, ಇಪ್ಪತ್ತಮೂರಕ್ಕೆ ಕಳಕೊಂಡೋಳು. ಹಿಂಗೇ ಹಾಡ್ತಿದ್ದ. ಹಿಂಗೇ, ಮೀಸೆ ಬರದ ದನೀಲಿ."

ಹೋ ಎನ್ನಬೇಕಾದವರು ಯಾರೂ ಹೋ ಎನ್ನಲಿಲ್ಲ. ಕಿಪ್ರೊನೊ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅಮ್ಮಾ," ಎಂದ ಸಾದೋಕ್, "ಮತ್ತೆ ನೀನು ಎದ್ದು ಹೋಗ್ತಿದ್ದದ್ದು..."

"ಆ ದಪ್ಪ ದನಿಯೋನು ನಂಗೆ ಯಾರೋ ಏನೋ ಕಣೋ. ಪರಗಂಡಸು ನನ್ನ ಹೆಸರು ಹಿಡಿದು ಹಾಡೋದನ್ನ ಕೂತು ಕೇಳೋಕೆ ಆಗ್ತಿರ್ಲಿಲ್ಲ."

"ಒಂದು ಸಲನಾದ್ರೂ ಹೇಳ್ಬೋದಿತ್ತಲ್ಲ."

"ನೀನು ಅಂಬೆಗಾಲಲ್ಲಿ ಸ್ಟೂಲ್ ಎಳೆದು ಪೆಟ್ಟಿಗೆ ಬೀಳಿಸಿದೆ. ಅವತ್ತಿಂದ ಅದು ಹಂಗೇ ಹಾಡ್ತು. ರಿಪೇರಿ ಮಾಡೋರು ಯಾರಿದ್ರು ನಮ್ಮ ಕಡೆ? ಆಮೇಲೆ ನೀನು ದಿನಾ ಅದಕ್ಕೆ ಕಿವಿ ಹಚ್ಕೊಂಡು ಅಪ್ಪಾ, ಅಪ್ಪಾ ಅಂತ ಕೂರೋಕೆ ಶುರುಮಾಡ್ದೆ. ಅದು ನಿಮ್ಮಪ್ಪ ಅಲ್ಲ ಮಗಾ ಅಂತ ಯಾವ ಬಾಯಲ್ಲಿ ಹೇಳ್ಲಿ? ನಂಗೆ ಒಬ್ಬ ಗಂಡ ಹೋಗಿದ್ದ. ನಿಂಗೆ ಸಿಕ್ಕಿದ್ದ ಅಪ್ಪನ್ನೂ ಕಿತ್ಕೊಳ್ಳೋದಾ?"

ಸಾದೋಕ್ ಅತ್ತ. ದೊಡ್ಡ ಆಳು, ಟಾರು ಹೋಗದ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ತಾಯಿ ಅವನ ಬೆನ್ನ ಮೇಲೆ ಕೈಯಿಟ್ಟು, ಕತ್ತನ್ನು ಒಗೋಲಾನ ಕಡೆ ತಿರುಗಿಸಿದಳು.

"ನೀನು ಹಾಕಪ್ಪ. ಪೂರ್ತಿ ಹಾಕು."

ಒಗೋಲಾ ಹೊರಡುವ ಮುನ್ನ ದೂರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದ. ಅಂಗಡಿಗೆ ನುಗ್ಗಿದ ಪ್ರಕರಣವನ್ನು ನ್ಯಾಯಾಧೀಶರ ಮುಂದಿಡಲೇಬೇಕು, ನಿಮ್ಮ ಮಾತನ್ನು ಅಲ್ಲಿಯೇ ಹೇಳಿ ಎಂದಳು ಅಪೊಂಡಿ. ಸಾದೋಕನನ್ನು ಮುಚ್ಚಳಿಕೆ ಬರೆಸಿಕೊಂಡು, ಅವನ ನೀಲಿ ಪೆಟ್ಟಿಗೆ, ರೆಕಾರ್ಡ್ ಕೊಟ್ಟು ಬಿಟ್ಟರು. ವರದಿಯಲ್ಲಿ ಕಳವಿಗೆ ಕಾರಣ ಬರೆಯುವ ಜಾಗ ಬಂದಾಗ ಅವಳು ಬಹಳ ಹೊತ್ತು ಯೋಚಿಸಿ, "ತನ್ನದೆಂದು ನಂಬಿ" ಎಂದಷ್ಟೇ ಬರೆದಳು.

ಶನಿವಾರ ಅವಳಿಗೆ ರಜೆ ಸಿಗಲಿಲ್ಲ. ಊಟಕ್ಕೆ ಹೋಗಿದ್ದ ಕಿಪ್ರೊನೊ ಸಂಜೆ ಮರಳಿ ಬಂದು ವರದಿ ಒಪ್ಪಿಸಿದ. ಒಗೋಲಾ ಅವತ್ತು ಚರ್ಚಿನಲ್ಲಿ ಬೆಳಗಿನ ಪ್ರಾರ್ಥನೆಯನ್ನಷ್ಟೇ ಮುಗಿಸಿ ಸೀದಾ ಬಂದಿದ್ದನಂತೆ. ಸಬ್ಬತ್ ಆದ್ದರಿಂದ ಪೆಟ್ಟಿಗೆ ಮುಟ್ಟದೆ, ಎರಡೂ ಕೈ ಹಿಂದೆ ಕಟ್ಟಿಕೊಂಡು, ಬಾಯಲ್ಲೇ ಹೇಳಿಕೊಡುತ್ತಿದ್ದನಂತೆ.

"ಹಾಡು ಹಾಕಿದ್ರಾ?" ಎಂದಳು ಅಪೊಂಡಿ.

"ಎರಡು ಸಲ ಮೇಡಂ, ನೀಲಿ ಪೆಟ್ಟಿಗೆಲೇ. ಮೊದಲನೇ ಸಲ ಅಜ್ಜಿನೇ ಮುಳ್ಳು ಇಳಿಸಿದ್ಲು. ಹುಡುಗನ ದನಿ. ಮೊಮ್ಮಕ್ಕಳು ಕುಣಿದ್ರು."

"ಎರಡನೇ ಸಲ?"

"ಅಜ್ಜಿ ಮಗನನ್ನ ಕರೆದು, ಈಗ ನಿನ್ನ ಬೆರಳಿಡು ಅಂದ್ಲು. ಅವನು ಇಟ್ಟ. ನಿಧಾನವಾಗಿ ಹಾಡ್ತು, ಕೊನೇವರೆಗೂ."

"ಅಜ್ಜಿ?"

"ಎದ್ದು ಹೋಗ್ಲಿಲ್ಲ ಮೇಡಂ. ಅವನ ಪಕ್ಕದಲ್ಲೇ ಕೂತ್ಕೊಂಡು ಕೇಳಿದ್ಲು."